ಕಚೇರಿ ತನಗೆ ತಾನೇ ಬರೆದುಕೊಂಡಾಗ

ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದ ಯಾರಿಗೂ ‘ಕಡತ’ ಎಂಬ ಪದವನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಿಲ್ಲ. ಅದು ಯಾರ ಮೇಜಿನ ಮೇಲಿದೆ, ಮುಂದಕ್ಕೆ ಯಾವಾಗ ಹೋಗುತ್ತದೆ ಎಂದು ವಿಚಾರಿಸುತ್ತ ಚಪ್ಪಲಿ ಸವೆಸಿದವರು ನಾಡಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಈ ಪದ ಹಿಂದೆ ಸೂಚಿಸುತ್ತಿದ್ದುದು ಕಾಗದದ ಕಟ್ಟನ್ನಲ್ಲ, ಬಟ್ಟೆಯನ್ನು. ಗೇಣಗಲದ, ಎರಡು ಮೂರು ಮಾರು ಉದ್ದದ ಬಟ್ಟೆಯ ಪಟ್ಟಿಗೆ ಅಂಟು ಮತ್ತು ಇದ್ದಿಲ ಪುಡಿ ಕಲಸಿದ ಲೇಪ ಹಚ್ಚಿ, ಒಣಗಿಸಿ, ಬೀಸಣಿಗೆಯ ಹಾಗೆ ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದ ಕಡ್ಡಿಯಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬಂದ ತನ್ನ ಇತಿಹಾಸ ಗ್ರಂಥದ ಮೊದಲ ಸಂಪುಟದಲ್ಲಿ ಇದನ್ನು ವಿವರವಾಗಿ ವರ್ಣಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಅಮೂಲ್ಯ ಆಕರ.

ಈ ಕಪ್ಪು ಬಟ್ಟೆಗೆ ಒಂದು ಗುಣವಿತ್ತು. ಬೇಡವಾದುದನ್ನು ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಿತ್ತು. ಬರೆದವನೇ ಬಹುಮಟ್ಟಿಗೆ ಓದುವವನೂ ಆಗಿದ್ದ ಕಾಲದಲ್ಲಿ ಇದರಿಂದ ತೊಂದರೆಯೇನೂ ಇರಲಿಲ್ಲ. ಯಾವ ಮಡಿಕೆಯಲ್ಲಿ ಏನಿದೆ ಎಂಬುದು ಅವನ ನೆನಪಿನಲ್ಲೇ ಇರುತ್ತಿತ್ತು. ಒಬ್ಬ ಬರೆದದ್ದನ್ನು ಅವನ ಮುಖವನ್ನೇ ಕಾಣದ ಇನ್ನೊಬ್ಬ ಓದಿ, ಅದರ ಆಧಾರದ ಮೇಲೆ ಕೆಲಸ ಮಾಡಬೇಕಾಗಿ ಬಂದಾಗ ಮಾತ್ರ ಹೀಗೆಯೇ ಬರೆಯಬೇಕು, ಇಲ್ಲಿಯೇ ಬರೆಯಬೇಕು ಎಂಬ ಕಟ್ಟಳೆ ಅನಿವಾರ್ಯವಾಗುತ್ತದೆ.

ಇಂದು ಬ್ಯಾಂಕು, ಆಸ್ಪತ್ರೆ, ಕಾರ್ಖಾನೆ, ಸರ್ಕಾರಿ ಇಲಾಖೆಗಳಲ್ಲಿ ಈ ಒಳಬರಹದ ಬಹುಪಾಲು ಇಂಟ್ರಾನೆಟ್‌ನಲ್ಲಿ ಇರುತ್ತದೆ. ಸಂಸ್ಥೆಯ ನೌಕರರಷ್ಟೇ ತೆರೆದು ನೋಡಬಹುದಾದ ಈ ವ್ಯವಸ್ಥೆಯನ್ನು ಕನ್ನಡದಲ್ಲಿ ಒಳಜಾಲ ಎನ್ನಬಹುದು. ರಜೆಯ ನಿಯಮ, ಸಂಬಳದ ಚೀಟಿ, ಸುತ್ತೋಲೆ, ಯಂತ್ರ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕೆಂಬ ಪಟ್ಟಿ, ಎಲ್ಲವೂ ಅಲ್ಲಿರುತ್ತವೆ. ಇರುತ್ತವೆ ಎನ್ನುವುದೇನೋ ನಿಜ, ಸಿಗುತ್ತವೆಯೇ ಎಂಬುದು ಬೇರೆ ಪ್ರಶ್ನೆ. ಹೊರಗಿನವರು ಬಂದು ಕೂರುವ ಪಡಸಾಲೆಗೆ ವರ್ಷ ವರ್ಷವೂ ಸುಣ್ಣ ಬಳಿಸಿ, ಅಡುಗೆಮನೆಯನ್ನು ಮಸಿ ಹಿಡಿಯಲು ಬಿಡುವ ಮನೆಗಳಂತೆ ಅನೇಕ ಸಂಸ್ಥೆಗಳು ಸಾರ್ವಜನಿಕರು ನೋಡುವ ಪುಟಗಳಿಗೆ ಲಕ್ಷಗಟ್ಟಲೆ ಸುರಿದು ಒಳಪುಟಗಳನ್ನು ಹೇಗೋ ಇರಲಿ ಎಂದು ಬಿಟ್ಟುಬಿಡುತ್ತವೆ. ಅಡುಗೆ ಆಗುವುದು ಎಲ್ಲಿ ಎಂಬುದು ಮರೆತುಹೋಗಿರುತ್ತದೆ.

ಕಂಡಿಕೆಗೆ ಕಂಡಿಕೆ

ಒಳಬರಹಕ್ಕೆ ಕಟ್ಟಳೆ ಹಾಕುವ ಚಟ ಹೊಸದಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕೆಳಹಂತದ ನೌಕರನ ಹುದ್ದೆಯ ಹೆಸರೇ ‘ರೈಟರ್’. ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗ್ ಆ ಹೆಸರನ್ನು ಉಳಿಸಿಕೊಂಡಿದೆ. ಕರ್ನಾಟಕದ ಪೊಲೀಸ್ ಠಾಣೆಗಳಲ್ಲಿ ಬರವಣಿಗೆಯ ಕೆಲಸ ನೋಡಿಕೊಳ್ಳುವ ಸಿಬ್ಬಂದಿಯನ್ನು ಇಂದಿಗೂ ರೈಟರ್ ಎಂದೇ ಕರೆಯುತ್ತಾರೆ. ಉಗಿಹಡಗು ಬರುವ ಮೊದಲು ಲಂಡನ್ನಿನಿಂದ ಹೊರಟ ಪತ್ರ ಆಫ್ರಿಕಾದ ತುದಿಯನ್ನು ಸುತ್ತಿ ಇಲ್ಲಿಗೆ ತಲುಪಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕೇಳಿದ ಪ್ರಶ್ನೆಗೆ ಉತ್ತರ ಬರುವ ಹೊತ್ತಿಗೆ ಕೇಳಿದವನು ವರ್ಗವಾಗಿರುತ್ತಿದ್ದ, ಇಲ್ಲವೇ ಜ್ವರ ಬಂದು ಸತ್ತಿರುತ್ತಿದ್ದ. ಆದ್ದರಿಂದಲೇ ಕಂಪನಿಯ ಪತ್ರಗಳಲ್ಲಿ ಪ್ರತಿ ಕಂಡಿಕೆಗೂ ಸಂಖ್ಯೆ ಇರುತ್ತಿತ್ತು. ಉತ್ತರ ಬರೆಯುವವನು ಇಂತಹ ದಿನಾಂಕದ ಪತ್ರದ ಇಷ್ಟನೆಯ ಕಂಡಿಕೆಗೆ ಇದು ಉತ್ತರ ಎಂದು ನಮೂದಿಸುತ್ತಿದ್ದ. ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1823ರಿಂದ 1858ರವರೆಗೆ, ಎಂದರೆ ಮೂವತ್ತೈದು ವರ್ಷ, ಲಂಡನ್ನಿನ ಇಂಡಿಯಾ ಹೌಸ್‌ನಲ್ಲಿ ಕುಳಿತು ಇಂತಹ ಪತ್ರಗಳ ಕರಡು ಸಿದ್ಧಪಡಿಸಿದ. ಭಾರತವನ್ನು ಅವನು ಒಮ್ಮೆಯೂ ಕಣ್ಣಾರೆ ಕಾಣಲಿಲ್ಲ. ಕಾಗದದ ಮೂಲಕ ಮಾತ್ರ ಕಂಡ.

ಆ ಸಂಖ್ಯೆಯ ಪದ್ಧತಿ ಸಚಿವಾಲಯದ ಟಿಪ್ಪಣಿ ಹಾಳೆಯಲ್ಲಿ ಇಂದಿಗೂ ಜೀವಂತ. ವಿಷಯ ನಿರ್ವಾಹಕ ಒಂದರಿಂದ ಶುರುಮಾಡಿದ ಕಂಡಿಕೆಯ ಎಣಿಕೆಯನ್ನು ಶಾಖಾಧಿಕಾರಿ ಮುಂದುವರಿಸುತ್ತಾನೆ, ಅಧೀನ ಕಾರ್ಯದರ್ಶಿ ಅದನ್ನೇ ಮುಂದಕ್ಕೊಯ್ಯುತ್ತಾನೆ. ಮೇಲಿನವರು ‘ಕಂಡಿಕೆ 12ರಂತೆ ಅನುಮೋದಿಸಿದೆ’ ಎಂದು ಒಂದು ಸಾಲು ಗೀಚಿದರೆ ಸಾಕು, ಇಡೀ ವ್ಯವಹಾರ ಅಲ್ಲಿಗೆ ತಿಳಿಯಾಗುತ್ತದೆ. ಈ ಪದ್ಧತಿ ವಿಳಂಬಕ್ಕೂ ದಾರಿ ಮಾಡಿತೆಂಬುದರಲ್ಲಿ ಸಂಶಯವಿಲ್ಲ. 1899ರಲ್ಲಿ ವೈಸರಾಯ್ ಆಗಿ ಬಂದ ಕರ್ಜನ್, ಕಡತಗಳು ಭೂಮಿಯ ಹಾಗೆ ತಮ್ಮ ಸುತ್ತ ತಾವೇ ತಿರುಗುತ್ತಿವೆ ಎಂದು ಗೊಣಗಿ ಟಿಪ್ಪಣಿ ಬರೆಯುವುದನ್ನು ಮೊಟಕುಗೊಳಿಸಲು ಹೊರಟಿದ್ದ. ಹಾಗೆ ಗೊಣಗಿದ ಮನುಷ್ಯನೇ ಪುಟಗಟ್ಟಲೆ ಟಿಪ್ಪಣಿ ಬರೆಯುತ್ತಿದ್ದನೆಂಬುದು ಬೇರೆ ಮಾತು.

ಒಳಬರಹದ ಕಟ್ಟಳೆಗೆ ಕನ್ನಡದಲ್ಲೇ ಅತ್ಯುತ್ತಮ ಉದಾಹರಣೆ ಬೇಕೆಂದರೆ ರಾಜ್ಯ ಸರ್ಕಾರದ ಯಾವುದಾದರೂ ಆದೇಶದ ಪ್ರತಿಯನ್ನು ಕೈಗೆತ್ತಿಕೊಳ್ಳಬಹುದು. ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂಬ ತಲೆಬರಹ, ಅದರ ಕೆಳಗೆ ‘ವಿಷಯ’, ಅದರ ಕೆಳಗೆ ‘ಓದಲಾಗಿದೆ’, ಆಮೇಲೆ ‘ಪ್ರಸ್ತಾವನೆ’, ಕೊನೆಗೆ ಸಂಖ್ಯೆ ಮತ್ತು ದಿನಾಂಕದೊಡನೆ ‘ಆದೇಶ’. ಯಾವ ಇಲಾಖೆಯದಾದರೂ ಕ್ರಮ ಇದೇ. ಅನುಭವಿ ಗುಮಾಸ್ತ ಮೇಲಿನಿಂದ ಓದುವುದೇ ಇಲ್ಲ. ‘ವಿಷಯ’ದಿಂದ ನೇರವಾಗಿ ‘ಆದೇಶ’ಕ್ಕೆ ಹಾರಿ, ಸಂಶಯ ಬಂದರೆ ಮಾತ್ರ ‘ಓದಲಾಗಿದೆ’ಗೆ ಹಿಂದಿರುಗುತ್ತಾನೆ. ಈ ‘ಓದಲಾಗಿದೆ’ ಎಂಬ ಭಾಗವನ್ನು ಯಾರೂ ಅಷ್ಟಾಗಿ ಗಮನಿಸಿದಂತಿಲ್ಲ. ಈ ಆದೇಶಕ್ಕೆ ಮೊದಲು ಯಾವ ಯಾವ ಆದೇಶ, ಪತ್ರಗಳು ಹೊರಟಿದ್ದವು ಎಂಬುದರ ಪಟ್ಟಿ ಅದು. ಕಂಪ್ಯೂಟರಿನ ಪುಟದಲ್ಲಿ ಒಂದು ಪದವನ್ನು ಒತ್ತಿದರೆ ಇನ್ನೊಂದು ಪುಟಕ್ಕೆ ಕರೆದೊಯ್ಯುವ ಕೊಂಡಿ ಏನು ಕೆಲಸ ಮಾಡುತ್ತದೋ ಅದನ್ನೇ ಅದು ಕಾಗದದ ಮೇಲೆ ಮಾಡಿಕೊಂಡು ಬಂದಿದೆ.

ನಮೂನೆ ಇಷ್ಟು ಚೆನ್ನಾಗಿದ್ದರೂ ಒಳಗಿನ ಭಾಷೆಯ ಬಗ್ಗೆ ಅದೇ ಮಾತನ್ನು ಹೇಳಲಾಗದು. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಉಲ್ಲೇಖಿತ ಪತ್ರದ ಕಡೆಗೆ ತಮ್ಮ ಗಮನವನ್ನು ಸೆಳೆಯುತ್ತಾ ತಿಳಿಯಪಡಿಸುವುದೇನೆಂದರೆ’ ಎಂದು ಆರಂಭವಾಗುವ ಪತ್ರದಲ್ಲಿ ತಿಳಿಯಬೇಕಾದುದು ಎರಡನೆಯ ಪುಟದಲ್ಲಿರುತ್ತದೆ. ಈ ರೋಗ ಕನ್ನಡದ್ದಷ್ಟೇ ಅಲ್ಲ. 1940ರ ಆಗಸ್ಟ್ 9ರಂದು, ಜರ್ಮನಿಯ ವಿಮಾನಗಳು ಬ್ರಿಟನ್ನಿನ ಮೇಲೆ ಎರಗುತ್ತಿದ್ದ ದಿನಗಳಲ್ಲಿ, ಪ್ರಧಾನಿ ಚರ್ಚಿಲ್ ತನ್ನ ಸಚಿವ ಸಹೋದ್ಯೋಗಿಗಳಿಗೂ ಇಲಾಖಾ ಮುಖ್ಯಸ್ಥರಿಗೂ ಒಂದು ಪುಟದ ಟಿಪ್ಪಣಿ ಕಳಿಸಿದ. ವರದಿಗಳು ಅತಿಯಾಗಿ ಉದ್ದವಾಗಿವೆ, ಮುಖ್ಯಾಂಶಗಳನ್ನು ಚಿಕ್ಕ ಕಂಡಿಕೆಗಳಲ್ಲಿ ಹೇಳಿ, ಅಂಕಿಅಂಶವನ್ನು ಅನುಬಂಧಕ್ಕೆ ತಳ್ಳಿ, ಹುರುಳಿಲ್ಲದ ಪದಪುಂಜಗಳನ್ನು ಕೈಬಿಡಿ ಎಂಬುದು ಅದರ ಸಾರ. ಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಖಜಾನೆ ಇಲಾಖೆ ಅರ್ನೆಸ್ಟ್ ಗವರ್ಸ್ ಎಂಬ ಹಿರಿಯ ಅಧಿಕಾರಿಯಿಂದ ಸರ್ಕಾರಿ ನೌಕರರ ಉಪಯೋಗಕ್ಕೆಂದು ಸರಳ ಬರವಣಿಗೆಯ ಕೈಪಿಡಿಯೊಂದನ್ನು ಬರೆಸಿತು. 1948ರಲ್ಲಿ ಬಂದ ‘ಪ್ಲೇನ್ ವರ್ಡ್ಸ್’ ಕಚೇರಿಗಳ ಗೋಡೆ ದಾಟಿ ಜನಪ್ರಿಯವಾಯಿತು. ಸಾಮಾನ್ಯ ಓದುಗರೂ ಅದನ್ನು ಕೊಂಡುಕೊಂಡರು.

ಜಿನೀವಾದ ಟೆಲಿಫೋನ್ ಪುಸ್ತಕ

ಇಂದು ಜಗತ್ತೆಲ್ಲ ಬಳಸುವ ವರ್ಲ್ಡ್ ವೈಡ್ ವೆಬ್ ಹುಟ್ಟಿದ್ದೇ ಒಂದು ಸಂಸ್ಥೆಯ ಒಳಗಿನ ತಾಪತ್ರಯದಿಂದ ಎಂಬುದನ್ನು ಅದನ್ನು ದಿನವೂ ಬಳಸುವವರೂ ಮರೆತಿರುತ್ತಾರೆ. ಜಿನೀವಾದ ಬಳಿ ಇರುವ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಹತ್ತಾರು ದೇಶಗಳ ಸಾವಿರಾರು ಮಂದಿ ಕೆಲಸ ಮಾಡುತ್ತಿದ್ದರು. ಬಹುತೇಕರು ಎರಡು ವರ್ಷ ಇದ್ದು ಊರಿಗೆ ಮರಳುತ್ತಿದ್ದರು. ಅವರೊಂದಿಗೆ ಯಾವ ಯಂತ್ರದ ವಿವರ ಎಲ್ಲಿದೆ, ಯಾವ ಪ್ರೋಗ್ರಾಮನ್ನು ಯಾರು ಬರೆದರು ಎಂಬ ತಿಳಿವಳಿಕೆಯೂ ಹೊರಟುಹೋಗುತ್ತಿತ್ತು. 1989ರ ಮಾರ್ಚ್‌ನಲ್ಲಿ ಟಿಮ್ ಬರ್ನರ್ಸ್‌-ಲೀ ತನ್ನ ಮೇಲಧಿಕಾರಿಗೆ ಸಲ್ಲಿಸಿದ ಪ್ರಸ್ತಾವ ಈ ಸಮಸ್ಯೆಯನ್ನೇ ಕುರಿತದ್ದು. ಮೇಲಧಿಕಾರಿ ಮೈಕ್ ಸೆಂಡಾಲ್ ಅದರ ಮೇಲೆ ‘ಅಸ್ಪಷ್ಟ, ಆದರೆ ರೋಮಾಂಚಕ’ ಎಂಬ ಅರ್ಥದ ಒಂದು ಷರಾ ಬರೆದ. ಕಚೇರಿಯ ಷರಾಗಳಲ್ಲಿ ಇಷ್ಟು ದೊಡ್ಡ ಫಲ ಕೊಟ್ಟದ್ದು ಬೇರೊಂದು ಇರಲಾರದು.

1990ರ ಕೊನೆಗೆ ವೆಬ್ ಸಿದ್ಧವಾಯಿತು. ಆದರೆ ಅದನ್ನು ಬಳಸುವವರು ಬೇಕಲ್ಲ? ಸಂಸ್ಥೆಯ ನೌಕರರನ್ನು ಅದರ ಕಡೆ ಎಳೆದದ್ದು ಭೌತವಿಜ್ಞಾನದ ಯಾವ ಘನ ಪ್ರಬಂಧವೂ ಅಲ್ಲ, ಟೆಲಿಫೋನ್ ಪುಸ್ತಕ. ಸರ್ನ್‌ನ ದೂರವಾಣಿ ಪಟ್ಟಿ ಒಂದು ದೊಡ್ಡ ಕಂಪ್ಯೂಟರಿನಲ್ಲಿತ್ತು. ಒಂದು ನಂಬರು ನೋಡಬೇಕೆಂದರೆ ಅದರೊಳಕ್ಕೆ ಬೇರೆಯೇ ದಾರಿಯಿಂದ ಪ್ರವೇಶಿಸಬೇಕಿತ್ತು. ಆ ಪಟ್ಟಿಯನ್ನು ವೆಬ್ ಮೂಲಕ ಯಾವ ಕಂಪ್ಯೂಟರಿನಿಂದ ಬೇಕಾದರೂ ನೋಡುವಂತೆ ಮಾಡಿದ ಮೇಲೆ ಜನ ತಾವಾಗಿಯೇ ಬಂದರು. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಜ್ಞಾನವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಘೋಷಿಸಿತು. ನೌಕರನೊಬ್ಬ ಒಳಜಾಲವನ್ನು ತೆರೆಯುವುದು ಅಧ್ಯಕ್ಷರ ಸಂದೇಶ ಓದುವುದಕ್ಕಲ್ಲ ಎಂಬ ಪಾಠ ಅಂದೇ ಸಿಕ್ಕಿತ್ತು. ಆದರೂ ಎಷ್ಟೋ ಒಳಜಾಲಗಳ ಮೊದಲ ಪುಟದಲ್ಲಿ ಇಂದಿಗೂ ಅಧ್ಯಕ್ಷರ ನಗುಮುಖವೇ ಮೇಲಿರುತ್ತದೆ, ಫೋನ್ ಪಟ್ಟಿ ಎಲ್ಲೋ ತಳದಲ್ಲಿರುತ್ತದೆ.

ಮುಂದಿನ ವರ್ಷವೇ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಗೆ ಹೊಸ ತಲೆನೋವು ಎದುರಾಯಿತು. ಪ್ರತಿ ವಿಭಾಗವೂ ತನಗೆ ತೋಚಿದಂತೆ ಒಳಪುಟ ತೆರೆದು ಕೂತಿತ್ತು. ಒಂದರಿಂದ ಇನ್ನೊಂದಕ್ಕೆ ಹೋದ ನೌಕರನಿಗೆ ತಾನು ಅದೇ ಕಂಪನಿಯಲ್ಲಿದ್ದೇನೆಯೇ ಎಂಬ ಅನುಮಾನ ಬರುವಂತಿತ್ತು. 1994ರಲ್ಲಿ ಯಾಕೋಬ್ ನೀಲ್ಸನ್ ಮತ್ತು ಸಂಗಡಿಗರು ಇದಕ್ಕೊಂದು ಏಕರೂಪ ಕೊಡಲು ಹೊರಟಾಗ ಅನುಸರಿಸಿದ ವಿಧಾನ ಸರಳವಾಗಿತ್ತು. ಒಳಜಾಲದಲ್ಲಿ ಇರಬೇಕಾದ ಒಂದೊಂದು ವಿಷಯವನ್ನೂ ಒಂದೊಂದು ಚೀಟಿಯ ಮೇಲೆ ಬರೆದು, ಕೆಲವು ನೌಕರರ ಮುಂದೆ ಮೇಜಿನ ಮೇಲೆ ಹರಡಿ, ಒಂದರ ಜೊತೆ ಒಂದು ಹೊಂದುತ್ತದೆ ಎನಿಸುವ ಚೀಟಿಗಳನ್ನು ಗುಂಪು ಮಾಡಲು ಹೇಳಿದರು. ಪುಟಗಳ ವಿಂಗಡಣೆ ಆ ಗುಂಪುಗಳನ್ನು ಅನುಸರಿಸಿತು. ಚಿತ್ರಸಂಕೇತಗಳನ್ನು ಹೆಸರಿಲ್ಲದೆ ತೋರಿಸಿ, ಇದೇನೆಂದು ಹೇಳಿ ಎಂದು ಕೇಳಿಯೂ ನೋಡಿದರು.

ಇದರಲ್ಲಿ ಅಡಗಿರುವ ಮಾತು ಚಿಕ್ಕದಲ್ಲ. ಸಂಸ್ಥೆ ತನ್ನನ್ನು ಇಲಾಖೆಗಳಾಗಿ ನೋಡಿಕೊಳ್ಳುತ್ತದೆ. ಸಿಬ್ಬಂದಿ ವಿಭಾಗ, ಲೆಕ್ಕ ವಿಭಾಗ, ಆಡಳಿತ ವಿಭಾಗ ಎಂದು ಪುಟಗಳನ್ನು ಹಂಚಿಡುವುದು ಅದಕ್ಕೆ ಸಹಜ. ಹೆರಿಗೆ ರಜೆ ಬೇಕಾದ ನೌಕರಳಿಗೆ ರಜೆ ಮಂಜೂರು ಮಾಡುವುದು ಸಿಬ್ಬಂದಿ ವಿಭಾಗ, ಸಂಬಳ ಹೊಂದಿಸುವುದು ಲೆಕ್ಕ ವಿಭಾಗ, ಬದಲಿ ವ್ಯವಸ್ಥೆ ಮಾಡುವುದು ಆಡಳಿತ ವಿಭಾಗ ಎಂಬುದರಿಂದ ಏನಾಗಬೇಕಿದೆ? ಅವಳಿಗೆ ಬೇಕಿರುವುದು ಹೆರಿಗೆ ರಜೆ ಎಂಬ ಒಂದೇ ಪುಟ.

ಕೆಳಗಿನ ಸಾಲು

ಒಳಗಿನವರು ಒಳಗಿನವರಿಗಾಗಿ ಬರೆದ ಪುಟವೊಂದರ ವಿನ್ಯಾಸ ಜೀವ ಉಳಿಸುವ ಪ್ರಶ್ನೆಯೂ ಆಗಬಲ್ಲದು. 2003ರ ಜನವರಿ 16ರಂದು ನಭಕ್ಕೆ ಹಾರಿದ ಕೊಲಂಬಿಯಾ ನೌಕೆಯ ಕಥೆ ಭಾರತೀಯರಿಗೆ ಅಪರಿಚಿತವಲ್ಲ. ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅದರಲ್ಲಿದ್ದರು. ಹಾರಿದ ಸುಮಾರು 82 ಸೆಕೆಂಡುಗಳಲ್ಲಿ ಇಂಧನ ತೊಟ್ಟಿಯ ಹೊರಮೈಯಿಂದ ಕಿತ್ತುಬಂದ ನೊರೆಯ ತುಂಡೊಂದು ನೌಕೆಯ ಎಡರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿರುವಾಗಲೇ ಎಂಜಿನಿಯರುಗಳು ಲೆಕ್ಕ ಹಾಕಿ, ನಾಸಾದ ಅಧಿಕಾರಿಗಳಿಗೆ ಪವರ್‌ಪಾಯಿಂಟ್ ಪುಟಗಳಲ್ಲಿ ವರದಿ ಒಪ್ಪಿಸಿದರು.

ಆ ಪುಟಗಳಲ್ಲಿ ಒಂದನ್ನು ಅಪಘಾತದ ತನಿಖಾ ಮಂಡಳಿ ತನ್ನ ವರದಿಯಲ್ಲಿ ಅಚ್ಚುಹಾಕಿದೆ. ಅದರ ದೊಡ್ಡಕ್ಷರದ ತಲೆಬರಹ ಓದಿದವರಿಗೆ, ಹಿಂದಿನ ಪ್ರಯೋಗಗಳ ಪ್ರಕಾರ ಲೆಕ್ಕಾಚಾರ ಸುರಕ್ಷತೆಯ ಕಡೆಗೇ ವಾಲಿದೆ ಎಂಬ ಭಾವನೆ ಬರುತ್ತದೆ. ಅದರ ಕೆಳಗೆ ಚುಕ್ಕಿ ಇಟ್ಟ ಸಾಲುಗಳು, ಅವುಗಳ ಒಳಗೆ ಇನ್ನೂ ಚಿಕ್ಕಕ್ಷರದ ಸಾಲುಗಳು. ಎಲ್ಲಕ್ಕಿಂತ ಕೆಳಗಿನ, ಎಲ್ಲಕ್ಕಿಂತ ಚಿಕ್ಕ ಹಂತದ ಸಾಲಿನಲ್ಲಿ ಒಂದು ಹೋಲಿಕೆ ಇದೆ: ಪ್ರಯೋಗಗಳಲ್ಲಿ ಬಳಸಿದ ತುಂಡಿನ ಗಾತ್ರ 3 ಘನ ಅಂಗುಲ, ಈಗ ಬಡಿದಿರುವುದರ ಗಾತ್ರ 1920 ಘನ ಅಂಗುಲ. ಎಂದರೆ 640 ಪಟ್ಟು. ತಲೆಬರಹ ಆಧಾರವಾಗಿಟ್ಟುಕೊಂಡಿದ್ದ ಪ್ರಯೋಗಗಳು ಈ ಸಂದರ್ಭಕ್ಕೆ ಅನ್ವಯಿಸುವುದೇ ಅನುಮಾನ ಎಂದು ಹೇಳುವ ಸಾಲು ಅದು. ಮಾಹಿತಿ ವಿನ್ಯಾಸ ಶಾಸ್ತ್ರದ ಪ್ರಾಧ್ಯಾಪಕ ಎಡ್ವರ್ಡ್ ಟಫ್ಟ್ ಈ ಪುಟವನ್ನು ಸಾಲು ಸಾಲಾಗಿ ಬಿಡಿಸಿ ತೋರಿಸಿದ. ‘ಗಣನೀಯ’ ಎಂಬರ್ಥದ ಒಂದೇ ಪದ ಅದರಲ್ಲಿ ಐದು ಕಡೆ, ಬೇರೆ ಬೇರೆ ಅರ್ಥದಲ್ಲಿ ಬಂದಿದೆ. ಎಷ್ಟು ಎಂದು ಒಂದು ಕಡೆಯೂ ಸ್ಪಷ್ಟವಿಲ್ಲ.

ಫೆಬ್ರುವರಿ 1ರಂದು ನೌಕೆ ಭೂಮಿಗೆ ಮರಳುವಾಗ ಟೆಕ್ಸಾಸ್‌ನ ಆಕಾಶದಲ್ಲಿ ಛಿದ್ರವಾಯಿತು. ಏಳು ಮಂದಿ ಸತ್ತರು. ಒಂದು ಪುಟದಿಂದಲೇ ಅನಾಹುತವಾಯಿತು ಎನ್ನುವುದು ಅನ್ಯಾಯ. ರೆಕ್ಕೆಯ ಚಿತ್ರ ತೆಗೆಸಿಕೊಡಿ ಎಂದು ಎಂಜಿನಿಯರುಗಳು ಕೇಳಿದ್ದು ಈಡೇರಿರಲಿಲ್ಲ, ನೊರೆ ಬೀಳುವುದು ಮಾಮೂಲು ಎಂಬ ಉದಾಸೀನ ವರ್ಷಗಳಿಂದ ಬೆಳೆದಿತ್ತು. ಆದರೆ ಹಿರಿಯ ಅಧಿಕಾರಿಯೊಬ್ಬ ಈ ಪುಟವನ್ನು ಓದಿಯೂ ಪ್ರಾಣಾಪಾಯದ ವಿಷಯ ಇದರಲ್ಲಿದೆ ಎಂದು ಅರಿಯದೆ ಹೋಗುವುದು ಸಾಧ್ಯವಿತ್ತು ಎಂದು ಮಂಡಳಿ ಹೇಳಿತು. ಪೂರ್ಣ ತಾಂತ್ರಿಕ ವರದಿಗಳ ಬದಲು ಇಂತಹ ಪುಟಗಳನ್ನೇ ಬಳಸುವ ಅಭ್ಯಾಸ ನಾಸಾದಲ್ಲಿ ಬೇರೂರಿದೆ ಎಂದೂ ಆಕ್ಷೇಪಿಸಿತು. ಒಳಬರಹದ ಕೈಪಿಡಿಗಳಲ್ಲಿ ‘ಮುಖ್ಯವಾದುದು ಮೊದಲು’ ಎಂಬ ಸೂತ್ರ ತಪ್ಪದೆ ಕಾಣಸಿಗುತ್ತದೆ. ಅದು ಶೈಲಿಯ ಮಾತಲ್ಲ.

ಕನ್ನಡದ ಒತ್ತು, ಕನ್ನಡದ ರಜೆ

ಈ ಕಟ್ಟಳೆಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿ ಹುಟ್ಟಿದವು. ದೊಡ್ಡಕ್ಷರ ಎಲ್ಲಿ, ಚಿಕ್ಕಕ್ಷರ ಎಲ್ಲಿ ಎಂಬುದಕ್ಕೇ ಅವು ಪುಟಗಳನ್ನು ಮೀಸಲಿಡುತ್ತವೆ. ಕನ್ನಡಕ್ಕೆ ಆ ಗೊಡವೆಯೇ ಇಲ್ಲ. ಇದು ನಮ್ಮ ಲಿಪಿಯ ಒಂದು ಪುಣ್ಯ. ಆದರೆ ಕನ್ನಡಕ್ಕೆ ಅದರದೇ ಆದ ತೊಡಕುಗಳಿವೆ, ಅವುಗಳ ಬಗ್ಗೆ ಆ ಕೈಪಿಡಿಗಳು ಮೌನ. ‘ರಾಷ್ಟ್ರ’, ‘ಸ್ತ್ರೀ’ ಎಂಬ ಪದಗಳಲ್ಲಿ ಒತ್ತಕ್ಷರ ಸಾಲಿನ ಕೆಳಕ್ಕೆ ಇಳಿಯುತ್ತದೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಮಾಡಿದ ಚೌಕಟ್ಟಿನಲ್ಲಿ ಅವನ್ನು ಕೂರಿಸಿದರೆ ಒತ್ತು ಕತ್ತರಿಸಿಹೋಗುತ್ತದೆ, ಇಲ್ಲವೇ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಸಾಲುಗಳ ನಡುವೆ ಹೆಚ್ಚು ಜಾಗ ಬಿಡಬೇಕೆಂಬುದು ಇಲ್ಲಿ ಅಲಂಕಾರದ ಮಾತಲ್ಲ, ಓದಲು ಆಗಬೇಕೆಂಬ ಮಾತು.

ರಾಜ್ಯದಲ್ಲಿ ಆಡಳಿತ ಭಾಷೆಯ ಕಾಯ್ದೆ ಬಂದದ್ದು 1963ರಲ್ಲಿ. ಬೆರಳಚ್ಚು ಯಂತ್ರದ ಕಾಲದಲ್ಲಿ ಕನ್ನಡದ ಅಕ್ಷರ ಒಮ್ಮೆ ಕಾಗದದ ಮೇಲೆ ಮೂಡಿದರೆ ಮುಗಿಯಿತು, ಅದು ಎಲ್ಲಿಗೆ ಹೋದರೂ ಕನ್ನಡವಾಗಿಯೇ ಇರುತ್ತಿತ್ತು. ಕಂಪ್ಯೂಟರ್ ಬಂದಾಗ ಈ ಭರವಸೆ ತಪ್ಪಿತು. ತೊಂಬತ್ತರ ದಶಕದ ಕನ್ನಡ ತಂತ್ರಾಂಶಗಳಲ್ಲಿ ಪರದೆಯ ಮೇಲೆ ‘ಕ’ ಎಂದು ಕಾಣುತ್ತಿದ್ದರೂ ಯಂತ್ರದ ಒಳಗೆ ಅದು ಯಾವುದೋ ರೋಮನ್ ಅಕ್ಷರದ ಜಾಗದಲ್ಲಿ ಕುಳಿತಿರುತ್ತಿತ್ತು. ಒಂದೊಂದು ಫಾಂಟಿಗೂ ಒಂದೊಂದು ಹೊಂದಾಣಿಕೆ. ಬೆಂಗಳೂರಿನಲ್ಲಿ ಬರೆದ ಸುತ್ತೋಲೆಯನ್ನು ಆ ಫಾಂಟ್ ಇಲ್ಲದ ಬೀದರಿನ ಕಂಪ್ಯೂಟರಿನಲ್ಲಿ ತೆರೆದರೆ ಗುರುತು ಪರಿಚಯವಿಲ್ಲದ ಚಿಹ್ನೆಗಳ ರಾಶಿ ಎದುರಾಗುತ್ತಿತ್ತು. 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಅದಕ್ಕೆ ಆಧಾರವಾದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಇವೆಲ್ಲ ಅರಾಜಕತೆಯನ್ನು ಬಹಳಷ್ಟು ಕಡಿಮೆ ಮಾಡಿದವು. ಕಚೇರಿಯಿಂದ ಕಚೇರಿಗೆ ಪತ್ರ ಹೋದರೆ ಓದಲು ಬರುವಂತಾಯಿತು. ಆದರೆ ಹಳೆಯ ಬಗೆಯ ಸಂಕೇತದಲ್ಲಿ ಬರೆದುದನ್ನು ಹುಡುಕಲು ಸಾಮಾನ್ಯ ಹುಡುಕು ವ್ಯವಸ್ಥೆಗೆ ಬರುವುದಿಲ್ಲ. ಅದಕ್ಕೆ ಅದು ಕನ್ನಡವೇ ಅಲ್ಲ.

1991ರಲ್ಲಿ ಮೊದಲ ಆವೃತ್ತಿ ಕಂಡ ಯುನಿಕೋಡ್ ಎಂಬ ಅಂತರರಾಷ್ಟ್ರೀಯ ಶಿಷ್ಟತೆಯಲ್ಲಿ ಕನ್ನಡಕ್ಕೆಂದೇ 128 ಮನೆಗಳನ್ನು ಕಾದಿರಿಸಲಾಗಿದೆ. ಅದರಲ್ಲಿ ಬರೆದ ‘ಕ’ ಎಲ್ಲ ಯಂತ್ರಗಳಿಗೂ ‘ಕ’ವೇ. ಒಳಜಾಲದ ಕನ್ನಡ ಪುಟಗಳೆಲ್ಲ ಯುನಿಕೋಡಿನಲ್ಲೇ ಇರಬೇಕೆಂಬ ಒಂದು ನಿಯಮ ಉಳಿದ ಹತ್ತು ನಿಯಮಗಳಿಗೆ ಸಮ. ಅದಾದ ಮೇಲೂ ಸಮಸ್ಯೆ ಪೂರ್ತಿ ಬಗೆಹರಿಯುವುದಿಲ್ಲ. ಒಬ್ಬರು ‘ಕಚೇರಿ’ ಎಂದು ಬರೆದರೆ ಇನ್ನೊಬ್ಬರು ‘ಕಛೇರಿ’ ಎನ್ನುತ್ತಾರೆ. ಸರ್ಕಾರ, ಸರಕಾರ, ತಹಸೀಲ್ದಾರ್, ತಹಶೀಲ್ದಾರ್ ಎಲ್ಲವೂ ಚಾಲ್ತಿಯಲ್ಲಿವೆ. ಮನುಷ್ಯನ ಕಣ್ಣು ಇದನ್ನೆಲ್ಲ ಸಹಿಸಿಕೊಂಡು ಓದುತ್ತದೆ, ಯಂತ್ರ ಸಹಿಸುವುದಿಲ್ಲ.

ವಿಭಕ್ತಿಯ ಕಾಟ ಇನ್ನೊಂದು. ‘ರಜೆ’ ಎಂದು ಹುಡುಕಿದರೆ ‘ರಜೆಯನ್ನು’, ‘ರಜೆಗೆ’ ಎಂಬುವು ಹೇಗೋ ಸಿಕ್ಕಾವು, ‘ರಜಾ ಮಂಜೂರಾತಿ’ ಸಿಗದು. ನಿಯಮದ ಪುಟದಲ್ಲಿ ‘ಗಳಿಕೆ ರಜೆ’ ಎಂದೂ ‘ಸಾಂದರ್ಭಿಕ ರಜೆ’ ಎಂದೂ ಇರುತ್ತದೆ. ಹಾಗೆಂದು ಯಾವ ಗುಮಾಸ್ತನಾದರೂ ಮಾತಿನಲ್ಲಿ ಹೇಳಿದ್ದುಂಟೇ? ಅವನ ಬಾಯಲ್ಲಿ ಅವು ‘ಇಎಲ್’ ಮತ್ತು ‘ಸಿಎಲ್’. ಹುಡುಕುವ ಚೌಕದಲ್ಲೂ ಅವನು ಅದನ್ನೇ ಒತ್ತುತ್ತಾನೆ, ಏನೂ ಸಿಕ್ಕದೆ ಪಕ್ಕದ ಮೇಜಿನವರನ್ನು ಕೇಳುತ್ತಾನೆ. ಪಾರಿಭಾಷಿಕ ಪದ ಬೇಡವೆಂದಲ್ಲ. ಆದೇಶದಲ್ಲಿ ಅದು ಇರಲೇಬೇಕು. ಆದರೆ ಪುಟದ ತಲೆಬರಹದ ಪಕ್ಕದಲ್ಲಿ ಜನ ಆಡುವ ಪದವೂ ಇರಬೇಕು, ಎರಡೂ ಹುಡುಕಿದರೆ ಸಿಗಬೇಕು. ಇದನ್ನು ಪಟ್ಟಿ ಮಾಡುವ ಕೆಲಸ ತಂತ್ರಜ್ಞರದಲ್ಲ, ಆ ಮೇಜುಗಳಲ್ಲಿ ಕೂತು ಕೆಲಸ ಮಾಡಿದವರದು.

ಸಹಿ, ಮೊಹರು, ಸ್ಕ್ಯಾನ್

ಹುಡುಕಿದರೆ ಸಿಗದಂತೆ ಮಾಡುವ ಇನ್ನೊಂದು ಅಭ್ಯಾಸ ದೇಶದಾದ್ಯಂತ ಇದೆ. ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದ ಸುತ್ತೋಲೆಯನ್ನು ಕಾಗದದ ಮೇಲೆ ಮುದ್ರಿಸಿ, ಸಹಿ ಹಾಕಿಸಿ, ಮೊಹರು ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೇ ಏರಿಸುವುದು. ಅಕ್ಷರವಾಗಿದ್ದುದು ಈ ಯಾತ್ರೆಯಲ್ಲಿ ಚಿತ್ರವಾಗಿಬಿಡುತ್ತದೆ. ಕಣ್ಣಿದ್ದವರು ಹೇಗೋ ಓದಿಕೊಳ್ಳುತ್ತಾರೆ. ದೃಷ್ಟಿಯಿಲ್ಲದ ನೌಕರರು, ಬ್ಯಾಂಕುಗಳಲ್ಲಿ ಶಾಲೆಗಳಲ್ಲಿ ಅವರ ಸಂಖ್ಯೆ ಕಡಿಮೆಯೇನಲ್ಲ, ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಬಳಸುತ್ತಾರೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಚಿತ್ರ ಎದುರಾದರೆ ಅದು ಸುಮ್ಮನಾಗುತ್ತದೆ. ತನ್ನ ಬಡ್ತಿಯ ಸುತ್ತೋಲೆಯನ್ನೇ ಸಹೋದ್ಯೋಗಿಯಿಂದ ಓದಿಸಿಕೊಳ್ಳುವ ಪರಿಸ್ಥಿತಿ ಸಣ್ಣ ಅವಮಾನವಲ್ಲ.

ಅಮೆರಿಕದಲ್ಲಿ 1998ರಲ್ಲಿ ತಿದ್ದುಪಡಿಯಾದ ಪುನರ್ವಸತಿ ಕಾಯ್ದೆಯ 508ನೇ ಕಲಮು ಕೇಂದ್ರ ಸರ್ಕಾರದ ಅಂಗವಿಕಲ ನೌಕರರಿಗೂ ಇತರರಷ್ಟೇ ಸುಲಭವಾಗಿ ಮಾಹಿತಿ ಸಿಗಬೇಕೆಂದು ವಿಧಿಸಿತು. ಆದ್ದರಿಂದ ಅದು ಒಳಜಾಲಗಳಿಗೂ ಅನ್ವಯಿಸುತ್ತದೆ. ಅಂತರರಾಷ್ಟ್ರೀಯ ಮಾರ್ಗಸೂಚಿಗಳು 1999ರಲ್ಲಿ ಮೊದಲು ಬಂದು 2008ರಲ್ಲಿ ಪರಿಷ್ಕೃತಗೊಂಡವು. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1ರಷ್ಟು ಇರಬೇಕೆಂಬಂತಹ ಅಳತೆಗಳೂ ಅವುಗಳಲ್ಲಿವೆ. ಭಾರತ ಸರ್ಕಾರದ ಮಾರ್ಗಸೂಚಿ 2009ರಲ್ಲಿ ಬಂತು, ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ. ಬೂದು ಬಣ್ಣದ ಹಿನ್ನೆಲೆಯ ಮೇಲೆ ತಿಳಿಬೂದು ಅಕ್ಷರ ಹಾಕಿ ಅದನ್ನು ಸೊಗಸು ಎನ್ನುವವರು ಈ ಅಳತೆಯನ್ನೊಮ್ಮೆ ನೋಡಬೇಕು. ನಲವತ್ತು ದಾಟಿದ, ಚಾಳೀಸು ಬಂದ ನೌಕರರಿಗೂ ಅದರಿಂದ ಉಪಕಾರವಾದೀತು.

ಕಾಗದದ ರೂಢಿ ಕಂಪ್ಯೂಟರಿಗೆ ಸಲೀಸಾಗಿ ದಾಟಿದ ಉದಾಹರಣೆಯೂ ಉಂಟು. ಕೇಂದ್ರದ ಎನ್‌ಐಸಿ ಸಂಸ್ಥೆ ರೂಪಿಸಿದ, ಕರ್ನಾಟಕದ ಸಚಿವಾಲಯವೂ ಬಳಸುವ ‘ಇ-ಆಫೀಸ್’ ವ್ಯವಸ್ಥೆಯಲ್ಲಿ ಟಿಪ್ಪಣಿಗೆ ಎರಡು ಬಣ್ಣ. ಹಳದಿ ಟಿಪ್ಪಣಿ ಕರಡು. ಅದನ್ನು ತಿದ್ದಬಹುದು, ಅಳಿಸಬಹುದು. ಹಸಿರು ಟಿಪ್ಪಣಿ ಅಂತಿಮ. ಅದನ್ನು ಮುಟ್ಟುವಂತಿಲ್ಲ. ಕೇಂದ್ರದ ಕಚೇರಿಗಳ ಹಳೆಯ ಟಿಪ್ಪಣಿ ಹಾಳೆಯ ಬಣ್ಣ ಹಸಿರಾಗಿತ್ತು, ಪರದೆಯ ಮೇಲೂ ಅದೇ ಉಳಿಯಿತು. ದಶಕಗಳಿಂದ ಹಸಿರು ಹಾಳೆ ನೋಡಿ ಪಳಗಿದ ಕಣ್ಣಿಗೆ ಏನನ್ನೂ ಹೊಸದಾಗಿ ಕಲಿಸಬೇಕಾಗಲಿಲ್ಲ.

ಕಾಗದದಿಂದ ದಾಟದೆ ಉಳಿದದ್ದು ಒಂದಿದೆ. ಸರ್ಕಾರಿ ಆದೇಶದ ‘ಓದಲಾಗಿದೆ’ ಹಿಂದಿನ ಆದೇಶಗಳನ್ನು ತೋರಿಸುತ್ತದೆ. ಆದರೆ ಹತ್ತು ವರ್ಷದ ಹಿಂದಿನ ಆದೇಶವನ್ನು ಕೈಯಲ್ಲಿ ಹಿಡಿದವನಿಗೆ, ಇದನ್ನು ಆಮೇಲೆ ರದ್ದುಪಡಿಸಲಾಗಿದೆ ಎಂದು ಆ ಹಾಳೆ ಹೇಳಲಾರದು. ವೆಬ್ಬಿನ ಕೊಂಡಿಗಳದ್ದೂ ಇದೇ ಕಥೆ. ಬರ್ನರ್ಸ್‌-ಲೀ ಅವುಗಳನ್ನು ಒಂದೇ ದಿಕ್ಕಿನವಾಗಿ ಮಾಡಿದ. ಹೊಸ ಪುಟ ಹಳೆಯದನ್ನು ತೋರಿಸಬಹುದು, ಹಳೆಯದಕ್ಕೆ ಹೊಸದರ ಸುದ್ದಿಯೇ ಇರುವುದಿಲ್ಲ. ಹುಡುಕು ಯಂತ್ರಕ್ಕೆ ಎರಡೂ ಒಂದೇ. ರದ್ದಾದ ನಿಯಮವನ್ನೇ ಮೇಲೆ ತೋರಿಸಿದರೂ ತೋರಿಸೀತು. ನೌಕರ ಅದನ್ನು ನಂಬಿ ನಿವೃತ್ತಿ ವೇತನದ ಲೆಕ್ಕ ಹಾಕಿದರೆ ಆ ಕಡತ ಆಕ್ಷೇಪಣೆಯೊಡನೆ ಹಿಂದಿರುಗುತ್ತದೆ. ಬಾಗಿಲ ಬಳಿಯ ಬೆಂಚಿನ ಮೇಲೆ ಕೂತ ನಿವೃತ್ತ ಮೇಷ್ಟ್ರು ಇನ್ನೂ ಮೂರು ತಿಂಗಳು ಕಾಯುತ್ತಾರೆ.

ಹಳೆಯ ಕಚೇರಿಗಳಲ್ಲಿ ಇದಕ್ಕೊಂದು ಉಪಾಯವಿತ್ತು, ತಿದ್ದುಪಡಿ ಚೀಟಿ. 1958ರ ನಾಗರಿಕ ಸೇವಾ ನಿಯಮಾವಳಿಯಂತಹ ಪುಸ್ತಕಗಳಿಗೆ ತಿದ್ದುಪಡಿ ಬಂದಾಗ ಅದನ್ನು ಚೀಟಿಯಾಗಿ ಕತ್ತರಿಸಿ, ಗೋಂದು ಹಚ್ಚಿ, ಸಂಬಂಧಪಟ್ಟ ನಿಯಮದ ಎದುರಿಗೇ ಅಂಟಿಸುತ್ತಿದ್ದರು. ಹತ್ತಾರು ವರ್ಷದ ಪುಸ್ತಕ ಚೀಟಿಗಳಿಂದ ಊದಿಕೊಂಡು ಎರಡು ಪಟ್ಟು ದಪ್ಪವಾಗುತ್ತಿತ್ತು. ನೋಡಲು ಚಂದವಿರಲಿಲ್ಲ. ಆದರೆ ಹಳೆಯ ನಿಯಮವನ್ನು ತೆರೆದವನ ಬೆರಳಿಗೆ ಹೊಸದು ತಾಗದೆ ಇರುತ್ತಿರಲಿಲ್ಲ. ಒಳಜಾಲದಲ್ಲಿ ಈ ಗೋಂದಿನ ಕೆಲಸವನ್ನು ಯಾರಾದರೂ ಒಬ್ಬರು ಕೂತು ಮಾಡಬೇಕು. ಹೊಸ ಸುತ್ತೋಲೆ ಏರಿಸಿದ ದಿನವೇ ಹಳೆಯ ಪುಟಕ್ಕೆ ಹೋಗಿ, ಇದು ಇಂತಹ ದಿನದಿಂದ ರದ್ದಾಗಿದೆ, ಹೊಸದು ಇಲ್ಲಿದೆ ಎಂದು ಮೇಲ್ತುದಿಯಲ್ಲಿ ಬರೆಯಬೇಕು. ಒಳ್ಳೆಯ ಕಟ್ಟಳೆಗಳು ಇದಕ್ಕಾಗಿಯೇ ಪ್ರತಿ ಪುಟದ ಅಡಿಯಲ್ಲಿ ಮೂರು ವಿವರಗಳನ್ನು ಕಡ್ಡಾಯ ಮಾಡುತ್ತವೆ: ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ, ಮುಂದೆ ಪರಿಶೀಲಿಸಬೇಕಾದ ದಿನಾಂಕ, ಹೊಣೆ ಹೊತ್ತವರ ಹುದ್ದೆ ಮತ್ತು ಫೋನ್ ಸಂಖ್ಯೆ. ಹೆಸರಲ್ಲ, ಹುದ್ದೆ. ಮೇ–ಜೂನ್ ತಿಂಗಳ ವರ್ಗಾವಣೆಯಲ್ಲಿ ಮನುಷ್ಯ ಬೇರೆ ಊರಿಗೆ ಹೋದರೂ ಹುದ್ದೆ ಅಲ್ಲೇ ಇರುತ್ತದೆ, ಮೇಜಿನ ಮೇಲಿನ ಫೋನೂ ಅಲ್ಲೇ ಇರುತ್ತದೆ.